ಗೋಬರ್ ಗ್ಯಾಸಿನ ಪೈಪಿನೊಳಗಿನ ಆಕಾರಗಳು

ಕೂಸೇ, ಆಶ್ಲೇಷಾ ಮಳೆ ಹಿಡಿದದ್ದು ಬಿಟ್ಟಿಲ್ಲ.

ನಿನ್ನ ಪ್ರಶ್ನೆ ಶಿರಸಿಯ ಹಾಸ್ಟೆಲಿನಿಂದ ಯಲ್ಲಾಪುರಕ್ಕೆ ನಿನ್ನ ಆಯಿಯ ಫೋನಿಗೆ ಹೋಗಿ, ಅಲ್ಲಿಂದ ಸಿದ್ದಾಪುರದ ಈ ಗುಡ್ಡಕ್ಕೆ ಬಂದು ಮುಟ್ಟಿತು. ‘ನೀರಲ್ಲೂ ಮೂರು ಪರಮಾಣು, ಕಾರ್ಬನ್ ಡೈ ಆಕ್ಸೈಡಲ್ಲೂ ಮೂರು. ಒಂದು ಎಂತಕ್ಕೆ ಸೊಟ್ಟ, ಇನ್ನೊಂದು ಎಂತಕ್ಕೆ ನೆಟ್ಟಗೆ? ನೋಟ್ಸಲ್ಲಿ ಕೋನ ಎಷ್ಟು ಹೇಳಿ ಇದ್ದು, ಎಂತಕ್ಕೆ ಹೇಳಿ ಇಲ್ಲೆ.’ ಚಲೋ ಪ್ರಶ್ನೆ. ಫೋನಿನಲ್ಲಿ ಹೇಳೋಣವೆಂದರೆ ಈ ಮಳೆಯಲ್ಲಿ ನೆಟ್‌ವರ್ಕು ಅರ್ಧ ಮಾತು ನುಂಗುತ್ತದೆ. ಅದಕ್ಕೇ ಕಾಗದ. ಉದ್ದವಾಗುತ್ತದೆ, ಊಟವಾದ ಮೇಲೆ ಓದು.

ಪ್ರಶ್ನೆಯ ಜೊತೆಗೆ ನೀನು ಬರೆದ ಚಿತ್ರದ ಫೋಟೊವನ್ನೂ ಆಯಿ ಕಳಿಸಿದ್ದಳು. ನಡುವೆ ಆಮ್ಲಜನಕ, ಎರಡು ಬದಿಗೆ ಎರಡು ಜಲಜನಕ, ಅವುಗಳ ನಡುವೆ ಎರಡೆರಡು ಚುಕ್ಕಿ. ಅಷ್ಟೂ ಸರಿ. ಆದರೆ ಆಮ್ಲಜನಕದ ಮೈಮೇಲೆ ಇನ್ನೂ ನಾಲ್ಕು ಚುಕ್ಕಿ ಇರಬೇಕು, ಅವನ್ನು ಬಿಟ್ಟಿದ್ದೀಯೆ. ಬಂಧಕ್ಕೆ ಬಾರದ ಚುಕ್ಕಿ ಬರೆದು ಏನು ಪ್ರಯೋಜನ ಎಂದು ಬಿಟ್ಟಿರಬೇಕು. ನಿನ್ನ ಪ್ರಶ್ನೆಯ ಉತ್ತರ ಕೂತಿರುವುದೇ ಆ ನಾಲ್ಕು ಚುಕ್ಕಿಗಳಲ್ಲಿ.

ಮೊದಲು ಎಣಿಕೆ. ಪರಮಾಣುವಿನ ಒಳಗಿನ ಕವಚದ ಎಲೆಕ್ಟ್ರಾನುಗಳು ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತವೆ, ಊರಿನ ಕೊಡುಕೊಳ್ಳುವಿಕೆಗೆ ಅವು ಬರುವುದಿಲ್ಲ. ಹೊರಕವಚದಲ್ಲಿ ಇರುವವೇ ವೇಲೆನ್ಸಿ ಎಲೆಕ್ಟ್ರಾನುಗಳು. ಜಲಜನಕಕ್ಕೆ ಒಂದು, ಇಂಗಾಲಕ್ಕೆ ನಾಲ್ಕು, ಸಾರಜನಕಕ್ಕೆ ಐದು, ಆಮ್ಲಜನಕಕ್ಕೆ ಆರು, ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯ ಗಂಧಕಕ್ಕೂ ಆರೇ. ಇಷ್ಟು ಬಾಯಿಗೆ ಬಂದರೆ ನಿನ್ನ ಪುಸ್ತಕದ ಮುಕ್ಕಾಲು ಅಣುಗಳ ಚುಕ್ಕಿ ನೀನೇ ಇಡಬಹುದು. ಒಟ್ಟು ಎಷ್ಟೆಂದು ಕೂಡಿಸು, ಎರಡೆರಡಾಗಿ ಜೋಡಿಸು. ಜಲಜನಕಕ್ಕೆ ಎರಡು, ಉಳಿದವಕ್ಕೆ ಎಂಟು ಆಗುವ ಹಾಗೆ ಹಂಚು. ಒಂದನ್ನೂ ಬಿಡಬೇಡ.

ಈ ಚುಕ್ಕಿಯ ಲೆಕ್ಕ ಶುರುಮಾಡಿದ ಗಿಲ್ಬರ್ಟ್ ಲೂಯಿಸ್ ಅಮೆರಿಕದವನು. 1902ರಲ್ಲಿ, ಇನ್ನೂ ಎಳೆಯ ಮೇಷ್ಟ್ರಾಗಿದ್ದಾಗ, ಪಾಠ ಹೇಳಲು ಸುಲಭವಾಗಲಿ ಎಂದು ಒಂದು ಹಾಳೆಯ ಮೇಲೆ ಸಾಲಾಗಿ ಚೌಕಟ್ಟಿನ ಪೆಟ್ಟಿಗೆಗಳನ್ನು ಗೀಚಿದ. ಪೆಟ್ಟಿಗೆಗೆ ಎಂಟು ಮೂಲೆ, ಮೂಲೆಗೊಂದು ಎಲೆಕ್ಟ್ರಾನು. ಎಂಟೂ ಮೂಲೆ ತುಂಬಿದರೆ ಪರಮಾಣು ಸುಮ್ಮನಿರುತ್ತದೆ. ಆ ಹಾಳೆಯನ್ನು ಹದಿನಾಲ್ಕು ವರ್ಷ ಹೊರಗೆ ಬಿಡಲಿಲ್ಲ ಪುಣ್ಯಾತ್ಮ. 1916ರಲ್ಲಿ ಬರ್ಕ್‌ಲಿಯಲ್ಲಿದ್ದಾಗ ಪ್ರಕಟಿಸಿದ ಲೇಖನದಲ್ಲಿ ಇನ್ನೂ ದೊಡ್ಡ ಮಾತು ಹೇಳಿದ: ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಳ್ಳುವುದೇ ಬಂಧ. ಪೆಟ್ಟಿಗೆಯ ಲೆಕ್ಕದಲ್ಲಿ ಮೂರು ಪಟ್ಟಿನ ಬಂಧ ಕೂರಿಸಲು ಬರುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಹಾಗಾಗಿ ಎಂಟನ್ನು ನಾಲ್ಕು ಜೋಡಿ ಮಾಡಿ, ನಾಲ್ಕು ದಿಕ್ಕಿಗೆ ಇಡುವುದು ಮೇಲೆಂದ. ನಲವತ್ತು ಸಲಕ್ಕೂ ಮಿಕ್ಕಿ ಅವನ ಹೆಸರು ನೊಬೆಲ್‌ಗೆ ಹೋಯಿತು, ಒಮ್ಮೆಯೂ ಸಿಗಲಿಲ್ಲ. ಇದನ್ನೆಲ್ಲ ವಿಸ್ತರಿಸಿ ಅವನು ಪುಸ್ತಕ ಬರೆದದ್ದು 1923ರಲ್ಲಿ. ನಮ್ಮ ಶಿರಸಿಯ ತೋಟಗಾರರು ಸೇರಿ ಟಿ.ಎಸ್.ಎಸ್. ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಇಸವಿ ನೆನಪಿಡಲು ನಿನಗೆ ಅನುಕೂಲವಾಗಲೆಂದು ಹೇಳಿದೆ.

ಈಗ ನಮ್ಮ ಕೊಟ್ಟಿಗೆಗೆ ಬಾ. ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸಿನ ಗುಂಡಿಯಿಂದ ಅಡುಗೆಮನೆಗೆ ಬರುವ ಪೈಪು ನೀನು ಸಣ್ಣವಳಿದ್ದಾಗಿನಿಂದ ನೋಡಿದ್ದೇ. ನಿನ್ನ ಪಾಠದ ಮುಖ್ಯ ಆಕಾರಗಳೆಲ್ಲ ಆ ಒಂದು ಪೈಪಿನಲ್ಲಿ, ಇಲ್ಲವೇ ಅದರ ಅಕ್ಕಪಕ್ಕದಲ್ಲಿ ಇವೆ. ಗ್ಯಾಸಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ಮಿಥೇನ್. ಉರಿಯುವುದು ಅದು. ಉಳಿದದ್ದರಲ್ಲಿ ಬಹುಪಾಲು ಕಾರ್ಬನ್ ಡೈ ಆಕ್ಸೈಡ್, ಅದು ಉರಿಯದೆ ಒಲೆಯ ತನಕ ಸುಮ್ಮನೆ ಬಂದು ಹೋಗುತ್ತದೆ. ಚೂರು ಹೈಡ್ರೊಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದ, ಮಿಥೇನಿಗೆ ವಾಸನೆಯೇ ಇಲ್ಲ. ಜೊತೆಗೆ ನೀರಿನ ಆವಿ. ಪೈಪಿನ ತಗ್ಗಿನಲ್ಲಿ ಅದು ನೀರಾಗಿ ಕಟ್ಟಿಕೊಂಡು ಒಲೆ ಬಕ್ ಬಕ್ ಎಂದು ಕುಣಿಯುತ್ತದಲ್ಲ, ಆಗ ಅಮ್ಮಮ್ಮ ನನ್ನನ್ನು ಕೂಗುತ್ತಾಳೆ, ನಾನು ಹೋಗಿ ನಲ್ಲಿ ತಿರುಗಿಸಿ ನೀರು ಬಿಡುತ್ತೇನೆ. ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಘಾಟು ಅಮೋನಿಯಾ.

ಮಿಥೇನಿನಿಂದ ಶುರುಮಾಡು. ಇಂಗಾಲದ ನಾಲ್ಕು, ನಾಲ್ಕು ಜಲಜನಕಗಳಿಂದ ನಾಲ್ಕು, ಒಟ್ಟು ಎಂಟು ಚುಕ್ಕಿ. ನಾಲ್ಕು ಜೋಡಿ, ನಾಲ್ಕೂ ಬಂಧಕ್ಕೆ ಹೋದವು. ಹಾಳೆಯ ಮೇಲೆ ಬರೆದರೆ ಕೂಡುಗೆರೆಯ ಹಾಗೆ ಕಾಣುತ್ತದೆ, ಕೋನ 90. ಆದರೆ ಅಣು ಹಾಳೆಯ ಮೇಲೆ ಬದುಕುವುದಿಲ್ಲ. ಎಲೆಕ್ಟ್ರಾನಿಗೆ ಎಲೆಕ್ಟ್ರಾನು ಕಂಡರೆ ಆಗುವುದಿಲ್ಲ, ಒಂದು ಜೋಡಿ ಇನ್ನೊಂದು ಜೋಡಿಯಿಂದ ಆದಷ್ಟು ದೂರ ನಿಲ್ಲುತ್ತದೆ. ಮಾರಿಕಾಂಬೆಯ ಜಾತ್ರೆಯಲ್ಲಿ ಸಿಗುವ ಬಲೂನು ನಾಲ್ಕು ತಗೊ. ಒಂದೇ ಗಾತ್ರಕ್ಕೆ ಊದು, ಕುತ್ತಿಗೆಗಳನ್ನು ಸೇರಿಸಿ ಬಿಗಿಯಾಗಿ ಕಟ್ಟು, ಮೇಜಿನ ಮೇಲೆ ಬಿಡು. ನೀನು ಯಾವ ರೀತಿ ಒತ್ತಿ ಇಟ್ಟರೂ ಕೈಬಿಟ್ಟ ಕ್ಷಣ ಮೂರು ಕೆಳಗೆ ಕಾಲೂರಿ ಒಂದು ಮೇಲೆ ನಿಲ್ಲುತ್ತದೆ. ಮೂರು ಕೋನದ ನಾಲ್ಕು ಮುಖಗಳ ಆ ಗೋಪುರವೇ ಟೆಟ್ರಾಹೀಡ್ರನ್, ಕೋನ 109.5 ಡಿಗ್ರಿ. ಇಂಗಾಲದ ತೋಳುಗಳು ಹೀಗಿರಬೇಕೆಂದು ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲೆ ಬೆಲ್ 1874ರಲ್ಲೇ ಬೇರೆ ಬೇರೆಯಾಗಿ ಹೇಳಿದ್ದರು. ಎಲೆಕ್ಟ್ರಾನೆಂಬುದು ಒಂದಿದೆ ಎಂದೇ ಆಗ ಯಾರಿಗೂ ಗೊತ್ತಿರಲಿಲ್ಲ. ಜೋಡಿಗಳು ದೂರ ಸರಿಯುವುದರಿಂದ ಆಕಾರ ಬರುತ್ತದೆ ಎಂಬ ಮಾತನ್ನು 1940ರಲ್ಲಿ ಇಂಗ್ಲೆಂಡಿನ ಸಿಜ್‌ವಿಕ್ ಮತ್ತು ಪೊವೆಲ್ ಎತ್ತಿದರು. ನಿನ್ನ ಪುಸ್ತಕದಲ್ಲಿರುವ ನಿಯಮದ ರೂಪಕ್ಕೆ ಅದನ್ನು ತಂದವರು ಗಿಲೆಸ್ಪಿ ಮತ್ತು ನೈಹೋಮ್, 1957ರಲ್ಲಿ.

ಇನ್ನು ಅಮೋನಿಯಾ. ಸಾರಜನಕದ ಐದು, ಜಲಜನಕದ ಮೂರು, ಮತ್ತೆ ಎಂಟೇ ಚುಕ್ಕಿ, ನಾಲ್ಕೇ ಜೋಡಿ. ಮೂರು ಬಂಧಕ್ಕೆ ಹೋದವು, ಒಂದು ಸಾರಜನಕದ ಮೈಮೇಲೆ ಉಳಿಯಿತು. ನೀರಿಗೆ ಬಂದರೆ ಆರು ಮತ್ತು ಎರಡು, ಮತ್ತೂ ಎಂಟು. ಎರಡು ಜೋಡಿ ಬಂಧ, ಎರಡು ಜೋಡಿ ಉಳಿಕೆ. ನೀನು ಬಿಟ್ಟ ನಾಲ್ಕು ಚುಕ್ಕಿ ಅವೇ.

ಉಳಿದ ಜೋಡಿ ಕಣ್ಣಿಗೆ ಕಾಣುವ ಆಕಾರದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಕಾರ ಹೇಳುವಾಗ ನಾವು ಪರಮಾಣುಗಳು ಎಲ್ಲಿವೆ ಎಂದಷ್ಟೇ ಹೇಳುತ್ತೇವೆ. ಆದರೆ ಜಾಗ ಹಿಡಿಯುವುದರಲ್ಲಿ ಅದು ಎಲ್ಲರಿಗಿಂತ ಮುಂದೆ. ಬಂಧದ ಜೋಡಿಯನ್ನು ಎರಡು ಬೀಜಗಳು ಎರಡು ಕಡೆಯಿಂದ ಹಿಡಿದೆಳೆದಿರುತ್ತವೆ, ಅದು ಸಪೂರವಾಗಿರುತ್ತದೆ. ಉಳಿದ ಜೋಡಿಯನ್ನು ಹಿಡಿದದ್ದು ಒಂದೇ ಬೀಜ, ಅದು ಅಗಲವಾಗಿ ಹರಡಿಕೊಳ್ಳುತ್ತದೆ, ಪಕ್ಕದ ಬಂಧಗಳನ್ನು ಒತ್ತುತ್ತದೆ. ಹಾಗಾಗಿ ಮಿಥೇನಿನ 109.5 ಅಮೋನಿಯಾದಲ್ಲಿ 107ಕ್ಕೆ, ನೀರಿನಲ್ಲಿ 104.5ಕ್ಕೆ ಇಳಿಯುತ್ತದೆ. ನಾಲ್ಕು ದಿಕ್ಕಿನ ಗೋಪುರದಲ್ಲಿ ಎರಡು ದಿಕ್ಕು ಉಳಿಕೆಗೆ ಹೋದರೆ, ಮಿಕ್ಕ ಎರಡು ದಿಕ್ಕಿನ ಜಲಜನಕಗಳು ನೇರ ಗೆರೆಯಲ್ಲಿ ನಿಲ್ಲುವುದಾದರೂ ಹೇಗೆ? ನೀರು ಸೊಟ್ಟಗಿರುವುದು ಅದಕ್ಕೇ.

ಕಾರ್ಬನ್ ಡೈ ಆಕ್ಸೈಡಿನಲ್ಲಿ ನಾಲ್ಕು, ಆರು, ಆರು ಸೇರಿ ಹದಿನಾರು ಚುಕ್ಕಿ. ಒಂಟಿ ಬಂಧ ಹಾಕಿ ನೋಡು, ಇಂಗಾಲಕ್ಕೆ ಎಂಟು ತುಂಬುವುದಿಲ್ಲ. ಎರಡು ಬದಿಗೂ ಜೋಡಿಬಂಧ ಹಾಕಿದರೆ ಎಲ್ಲರಿಗೂ ಎಂಟಾಗುತ್ತದೆ. ಉಳಿದ ಜೋಡಿಗಳು ಇವೆ, ಆದರೆ ತುದಿಯ ಆಮ್ಲಜನಕಗಳ ಮೇಲೆ. ನಡುವಿನ ಇಂಗಾಲದ ಮೈ ಬರಿದು. ಜೋಡಿಬಂಧದ ನಾಲ್ಕೂ ಚುಕ್ಕಿ ಒಂದೇ ದಿಕ್ಕಿನ ಒಂದು ಗುಂಪು, ಹಾಗಾಗಿ ಅದರ ಸುತ್ತ ಇರುವುದು ಎರಡು ಗುಂಪು ಮಾತ್ರ, ಎರಡು ಗುಂಪು ದೂರ ಹೋಗಬೇಕಾದರೆ ಎದುರುಬದುರು ನಿಲ್ಲಬೇಕು, 180 ಡಿಗ್ರಿ. ಮೂರು ಪರಮಾಣು ಎಂದು ಎಣಿಸಿ ನೀನು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದೆ. ಎಣಿಸಬೇಕಾದದ್ದು ನಡುವಿನ ಪರಮಾಣುವಿನ ಸುತ್ತ ಎಷ್ಟು ಗುಂಪು, ಅದರಲ್ಲಿ ಬಂಧವಿಲ್ಲದ್ದು ಎಷ್ಟು ಎಂಬುದನ್ನು.

ನಿನ್ನ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನದು ಈಗ ಶುರು.

ಮಿಥೇನಿನ ಅಣುಭಾರ 16, ಅಮೋನಿಯಾದ್ದು 17, ನೀರಿನದು 18. ತೂಕ ಹೆಚ್ಚುಕಡಿಮೆ ಒಂದೇ. ಮೂರರಲ್ಲೂ ಎಂಟೇ ಚುಕ್ಕಿ, ನಾಲ್ಕೇ ಜೋಡಿ. ಆದರೆ ಮಿಥೇನ್ ದ್ರವವಾಗಿರಬೇಕಾದರೆ ಸೊನ್ನೆಗಿಂತ 161 ಡಿಗ್ರಿ ಕೆಳಗೆ ಇಳಿಯಬೇಕು. ನಮ್ಮ ಗುಂಡಿಯ ಗ್ಯಾಸನ್ನು ಸಿಲಿಂಡರಿನ ಗ್ಯಾಸಿನಂತೆ ಬರಿ ಒತ್ತಡ ಹಾಕಿ ದ್ರವ ಮಾಡಲು ಆಗದಿರುವುದು ಇದಕ್ಕೇ. ಅಮೋನಿಯಾ ಕುದಿಯುವುದು ಸೊನ್ನೆಯ ಕೆಳಗೆ 33ರಲ್ಲಿ. ನೀರು ಮಾತ್ರ ಸೊನ್ನೆ ದಾಟಿ ನೂರರ ತನಕ ದ್ರವವಾಗಿಯೇ ಕೂತಿರುತ್ತದೆ. ಒಂದೇ ಪೈಪಿನಲ್ಲಿ ಒಟ್ಟಿಗೇ ಬಂದರೂ ಮಿಥೇನ್ ಗಾಳಿಯಾಗಿ ಒಲೆ ಸೇರುತ್ತದೆ, ನೀರು ತಗ್ಗಿನಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡಿದ ದಿನ ನನಗೆ ರಸಾಯನಶಾಸ್ತ್ರದ ಮೇಲೆ ಮನಸ್ಸು ಕೂತಿತು.

ಆಮ್ಲಜನಕ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುವ ಸ್ವಭಾವದ್ದು. ಅದರ ಬದಿ ತುಸು ಋಣ, ಜಲಜನಕದ ಬದಿ ತುಸು ಧನ. ಅಣು ಸೊಟ್ಟಗಿರುವುದರಿಂದ ಎರಡೂ ಎಳೆತ ಒಂದೇ ಕಡೆ ಬಿದ್ದು ಅಣುವಿಗೆ ಎರಡು ಮುಖ ಬರುತ್ತದೆ. ಕಾರ್ಬನ್ ಡೈ ಆಕ್ಸೈಡಿನಲ್ಲೂ ಎಳೆತವಿದೆ, ಎದುರುಬದುರು ಇರುವುದರಿಂದ ರದ್ದಾಗಿ ಹೋಗುತ್ತದೆ. ಇನ್ನೂ ಮುಖ್ಯವಾದದ್ದು ಇದು: ನೀರಿನ ಅಣುವಿನ ಉಳಿದ ಜೋಡಿಗೆ ಪಕ್ಕದ ಅಣುವಿನ ಜಲಜನಕ ಬಂದು ಆತುಕೊಳ್ಳುತ್ತದೆ. ಅದಕ್ಕೆ ಹೈಡ್ರೊಜನ್ ಬಂಧ ಎನ್ನುತ್ತಾರೆ. ಈಗ ಎಣಿಸು. ಅಮೋನಿಯಾಕ್ಕೆ ಕೊಡಲು ಮೂರು ಜಲಜನಕ ಇದೆ, ತೆಗೆದುಕೊಳ್ಳಲು ಒಂದೇ ಜೋಡಿ. ಹೈಡ್ರೊಜನ್ ಫ್ಲೋರೈಡಿಗೆ ಮೂರು ಜೋಡಿ ಇದೆ, ಕೊಡಲು ಜಲಜನಕ ಒಂದೇ. ನೀರಿಗೆ ಎರಡು ಕೊಡಲು, ಎರಡು ಕೊಳ್ಳಲು. ಲೆಕ್ಕ ಪೂರ್ತಿ ಸರಿಹೊಂದುವುದು ನೀರಿನಲ್ಲಿ ಮಾತ್ರ. ಒಂದು ಅಣು ಸುತ್ತ ನಾಲ್ಕು ಅಣುಗಳನ್ನು ಹಿಡಿಯಬಹುದು, ಒಂದು ಕೈಯೂ ಖಾಲಿ ಉಳಿಯುವುದಿಲ್ಲ. ಉಂಚಳ್ಳಿಯಲ್ಲಿ ಅಘನಾಶಿನಿ, ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ನೋಡಿ ಬಂದವಳು ನೀನು. ಆ ನೀರು ದ್ರವವಾಗಿರುವುದು ನೀನು ಬರೆಯದೆ ಬಿಟ್ಟ ನಾಲ್ಕು ಚುಕ್ಕಿಯ ದೆಸೆಯಿಂದ ಎಂದರೆ ಅತಿಶಯವಾಗಲಿಲ್ಲ.

ಈ ಹೈಡ್ರೊಜನ್ ಬಂಧವನ್ನು 1920ರಲ್ಲಿ ಸ್ಪಷ್ಟವಾಗಿ ಹೇಳಿದ ಲ್ಯಾಟಿಮರ್ ಮತ್ತು ರೋಡ್‌ಬುಷ್ ಇಬ್ಬರೂ ಲೂಯಿಸನ ಬರ್ಕ್‌ಲಿಯವರೇ. ತೊಂಬತ್ತು ವರ್ಷ ಕಳೆದು 2011ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೊಸ ವ್ಯಾಖ್ಯೆ ಬರೆದ ಸಮಿತಿಯ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್. ನಿನ್ನ ಪುಸ್ತಕದ ಹೆಸರುಗಳೆಲ್ಲ ಸಮುದ್ರದ ಆಚೆಯವು ಎಂದು ಕಳೆದ ಸಲ ಅಂದಿದ್ದೆಯಲ್ಲ, ಅದಕ್ಕೇ ಇದನ್ನು ಬರೆದೆ.

ಗೋಬರ್ ಗ್ಯಾಸಿನ ಮಾತಿಗೆ ಸಲ್ಲಬೇಕಾದ ಇನ್ನೊಂದು ಹೆಸರು ಅಮೂಲ್ಯ ಕೆ. ಎನ್. ರೆಡ್ಡಿ. ಅದೇ ಸಂಸ್ಥೆಯಲ್ಲಿ ವಿದ್ಯುದ್ರಸಾಯನದ ದೊಡ್ಡ ವಿದ್ವಾಂಸ, ಜಗತ್ತೆಲ್ಲ ಓದುವ ಪಠ್ಯಪುಸ್ತಕದ ಸಹಲೇಖಕ. 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಕಟ್ಟಿ, ಸಗಣಿಯ ಗುಂಡಿ ಮತ್ತು ಸೌದೆ ಒಲೆಯ ಹೊಗೆಯನ್ನೇ ವಿಜ್ಞಾನದ ಪ್ರಶ್ನೆ ಮಾಡಿಕೊಂಡರು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಸೇರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ನೀರು ಕೊಟ್ಟರು. ಸಗಣಿ ಮುಟ್ಟಿದರೆ ವಿದ್ವತ್ತು ಕಡಿಮೆಯಾಗುತ್ತದೆ ಎಂದುಕೊಳ್ಳದ ಅಂಥ ರಸಾಯನಶಾಸ್ತ್ರಜ್ಞರು ಇನ್ನೂ ಹತ್ತು ಜನ ಬೇಕಿತ್ತು.

ಚುಕ್ಕಿಯ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಲಿ. ಹೈಡ್ರೊಜನ್ ಸಲ್ಫೈಡಿನ ಚಿತ್ರ ಬರೆದರೆ ನೀರಿನದೇ ಪಡಿಯಚ್ಚು, ಆಮ್ಲಜನಕದ ಜಾಗದಲ್ಲಿ ಗಂಧಕ. ಸೊಟ್ಟಗಿರಬೇಕು ಎನ್ನುವುದೂ ಸರಿಯೇ. ಆದರೆ ಕೋನ ಅಳೆದರೆ 92ರ ಹತ್ತಿರ, ನೀರಿಗಿಂತ ಎಷ್ಟೋ ಕಡಿಮೆ. ಅಷ್ಟೊಂದು ಇಳಿತವನ್ನು ಬಲೂನಿನ ಲೆಕ್ಕ ಮುಂಚಿತವಾಗಿ ಹೇಳಲಾರದು. ಇನ್ನು ನಾವು ಉಸಿರಾಡುವ ಆಮ್ಲಜನಕ. ಹನ್ನೆರಡು ಚುಕ್ಕಿಯನ್ನು ಜೋಡಿಬಂಧ ಹಾಕಿ ಚಂದವಾಗಿ ಜೋಡಿಸಬಹುದು, ಒಂದೂ ಒಂಟಿ ಉಳಿಯುವುದಿಲ್ಲ. ಆದರೆ ದ್ರವ ಆಮ್ಲಜನಕವನ್ನು ಅಯಸ್ಕಾಂತ ಸೆಳೆಯುತ್ತದೆ, ಅಂದರೆ ಒಳಗೆ ಒಂಟಿ ಎಲೆಕ್ಟ್ರಾನುಗಳಿವೆ. ಚಿತ್ರ ಅದನ್ನು ತೋರಿಸುವುದೇ ಇಲ್ಲ. ಮೂರನೆಯದಕ್ಕೆ ನಮ್ಮ ಬೇಸಗೆ ಕೊನೆಯ ಗುಡುಗಿನ ಮಳೆಯನ್ನು ನೆನೆ. ಮಿಂಚಿನ ಶಾಖಕ್ಕೆ ಸಾರಜನಕದ ಮೂರುಪಟ್ಟಿನ ಬಂಧವೂ ಹರಿದು, ಆಮ್ಲಜನಕದ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಐದು ಮತ್ತು ಆರು, ಹನ್ನೊಂದು. ಬೆಸಸಂಖ್ಯೆ! ಹೇಗೆ ಜೋಡಿಸಿದರೂ ಒಂದು ಉಳಿಯುತ್ತದೆ. ಲೂಯಿಸನಿಗೆ ಇದು ಗೊತ್ತಿಲ್ಲದ್ದೇನಲ್ಲ. ಇದೇ ಅಣು ನಮ್ಮ ರಕ್ತನಾಳವನ್ನು ಸಡಿಲಿಸುವ ಸಂದೇಶ ಒಯ್ಯುತ್ತದೆ ಎಂದು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಚುಕ್ಕಿಗಳು ಎಲೆಕ್ಟ್ರಾನಿನ ಫೋಟೊ ಎಂದು ಮಾತ್ರ ತಿಳಿಯಬೇಡ. ಎಲೆಕ್ಟ್ರಾನು ಒಂದು ಕಡೆ ಕೂರುವ ಪ್ರಾಣಿಯಲ್ಲ. ನಿಮ್ಮ ಮುಂದಿನ ಪಾಠದಲ್ಲಿ ಕಕ್ಷಕಗಳು ಬಂದಾಗ ಅದರ ಮಾತಾಡೋಣ.

ನಿನ್ನೆ ಮಳೆ ಎರಡು ತಾಸು ಹೊಳವಾಗಿತ್ತು, ಅಡಿಕೆಗೆ ಎರಡನೇ ಸಲದ ಕೊಳೆ ಔಷಧ ಹೊಡೆಸಿ ಮುಗಿಸಿದೆವು. ಔಷಧವೆಂದರೆ ಬೋರ್ಡೋ ದ್ರಾವಣ, ಅದರ ಲೆಕ್ಕ ನಿನಗೆ ಗೊತ್ತು: ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಬಳ್ಳಿಗೆ ಬಳಿಯುತ್ತಿದ್ದ ನೀಲಿ ರಾಡಿ ಅದು. ಬಳಿದ ಬಳ್ಳಿಗೆ ರೋಗ ಬರಲಿಲ್ಲ ಎಂದು ಮಿಲಾರ್ಡೆ ಎಂಬವನು ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ನಮ್ಮ ಆಚೆ ಬದಿಯ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಮೇಲೆ ಬುಲೆಟಿನ್ ಬರೆದ. ನಾವು ಆಗ ಮುಂಬಯಿ ಪ್ರಾಂತ್ಯದವರು, ಆದರೆ ಕೊಳೆಗೆ ಪ್ರಾಂತ್ಯದ ಗಡಿ ಎಲ್ಲಿಯದು.

ಆ ಮೈಲುತುತ್ತದ ನೀಲಿಯಲ್ಲಿ ನಿನ್ನ ಪಾಠ ಇದೆ. ಅದರಲ್ಲಿರುವ ತಾಮ್ರದ ಅಯಾನು ಎರಡು ಎಲೆಕ್ಟ್ರಾನು ಕಳೆದುಕೊಂಡದ್ದು, ಅದಕ್ಕೆ ಎಲೆಕ್ಟ್ರಾನಿನ ಜೋಡಿ ಬೇಕು. ನೀರಿನ ಹತ್ತಿರ ಉಳಿದ ಜೋಡಿ ಇದೆ. ಹರಳಿನಲ್ಲಿ ಒಂದು ತಾಮ್ರಕ್ಕೆ ಐದು ನೀರು: ನಾಲ್ಕು ತಮ್ಮ ಜೋಡಿಯನ್ನು ಚಾಚಿ ತಾಮ್ರಕ್ಕೆ ಆತುಕೊಂಡಿವೆ, ಐದನೆಯದನ್ನು ಹಿಡಿದಿರುವುದು ಹೈಡ್ರೊಜನ್ ಬಂಧ. ನಿಮ್ಮ ಲ್ಯಾಬಿನಲ್ಲಿ ಮೇಷ್ಟ್ರನ್ನು ಕೇಳಿ, ಒಂದೆರಡು ಹರಳನ್ನು ಗಾಜಿನ ನಳಿಕೆಯಲ್ಲಿ ಹಾಕಿ ಮೆಲ್ಲಗೆ ಕಾಯಿಸು. ನೀರು ಬಿಟ್ಟು ಹೋಗುತ್ತದೆ, ನೀಲಿ ಅಳಿದು ಬಿಳಿಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಡು, ನೀಲಿ ಮರಳಿ ಬರುತ್ತದೆ. ದ್ರಾವಣಕ್ಕೆ ಅಮೋನಿಯಾ ಹೆಚ್ಚಾಗಿ ಹಾಕಿದರೆ ಕಡುನೀಲಿ ಆಗುತ್ತದೆ, ನೀರಿನ ಜಾಗವನ್ನು ಅಮೋನಿಯಾದ ಜೋಡಿ ಹಿಡಿಯಿತು ಎಂದರ್ಥ. ಮನೆಯಲ್ಲಿ ಈ ಕೆಲಸ ಬೇಡ, ಮೈಲುತುತ್ತ ವಿಷ, ಅಮ್ಮಮ್ಮನ ಪಾತ್ರೆಗೆ ಅಂತೂ ಬೇಡವೇ ಬೇಡ. ಜೋಡಿ ಕೊಡುವವನು ಪ್ರತ್ಯಾಮ್ಲ, ತೆಗೆದುಕೊಳ್ಳುವವನು ಆಮ್ಲ ಎಂಬ ಲೂಯಿಸನ ವ್ಯಾಖ್ಯೆಯೂ ಆ 1923ರ ಪುಸ್ತಕದ್ದೇ. ಕೊಳೆರೋಗದ ಬೀಜಾಣುವನ್ನು ತಾಮ್ರ ಕೊಲ್ಲುವುದೂ ಇದೇ ದಾರಿಯಲ್ಲಿ. ಅದರ ಪ್ರೋಟೀನುಗಳ ಗಂಧಕ, ಸಾರಜನಕಗಳ ಮೇಲಿನ ಉಳಿದ ಜೋಡಿಗಳಿಗೆ ತಾಮ್ರ ಹೋಗಿ ಅಂಟಿಕೊಳ್ಳುತ್ತದೆ, ಅವುಗಳ ಕೆಲಸ ನಿಲ್ಲುತ್ತದೆ.

ಔಷಧ ಹದವಾಯಿತೋ ಇಲ್ಲವೋ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವಲ್ಲ, ಅಲ್ಲಿ ನಡೆಯುವುದು ಬೇರೆ ವ್ಯವಹಾರ. ಸುಣ್ಣ ಕಡಿಮೆಯಾಗಿ ತಾಮ್ರ ಬಿಡುವಾಗಿ ಉಳಿದಿದ್ದರೆ ಕಬ್ಬಿಣ ತನ್ನ ಎರಡು ಎಲೆಕ್ಟ್ರಾನನ್ನು ಪೂರ್ತಿಯಾಗಿ ಕೊಟ್ಟುಬಿಡುತ್ತದೆ, ತಾಮ್ರ ಕತ್ತಿಯ ಮೇಲೆ ಕೆಂಪಗೆ ಕೂರುತ್ತದೆ. ಹಂಚಿಕೆಯಿಲ್ಲ, ದಾನ. ಕೆಂಪು ಕಂಡರೆ ಇನ್ನಷ್ಟು ಸುಣ್ಣದ ನೀರು. ನನ್ನ ಅಪ್ಪಯ್ಯನಿಗೆ ಎಲೆಕ್ಟ್ರಾನು ಗೊತ್ತಿರಲಿಲ್ಲ, ಕತ್ತಿ ಅದ್ದದೆ ಒಂದು ಹಂಡೆ ಔಷಧವನ್ನೂ ಅವನು ಮರಕ್ಕೆ ಕಳಿಸಲಿಲ್ಲ.

ಔಷಧ ಹೊಡೆಯುವ ದೋಟಿಯನ್ನೂ ಮರೆಯುವ ಹಾಗಿಲ್ಲ. ಈಗ ಕಾರ್ಬನ್ ಫೈಬರಿನ ದೋಟಿ ಬಂದು ಮರ ಹತ್ತುವ ಕಷ್ಟ ಎಷ್ಟೋ ತಪ್ಪಿತು. ಮಿಥೇನಿನಲ್ಲಿ ನಾಲ್ಕು ದಿಕ್ಕಿಗೆ ತೋಳು ಚಾಚಿದ ಇಂಗಾಲವೇ ಅದರ ನಾರಿನಲ್ಲಿ ಮೂರೇ ನೆರೆಯವರನ್ನು ಹಿಡಿದು, 120 ಡಿಗ್ರಿಯಲ್ಲಿ ಹಾಳೆಹಾಳೆಯಾಗಿ ಹಬ್ಬುತ್ತದೆ. ಅಷ್ಟು ಹಗುರ, ಅಷ್ಟು ಗಟ್ಟಿ. ಮುರುಗಲ ತುಪ್ಪವೂ ಆಕಾರದ ಕಥೆಯೇ. ಕೊಬ್ಬಿನಲ್ಲಿರುವ ಹದಿನೆಂಟು ಇಂಗಾಲದ ಸ್ಟಿಯರಿಕ್ ಸರಪಳಿ ನೆಟ್ಟಗಿದೆ, ಅಷ್ಟೇ ಉದ್ದದ ಓಲಿಯಿಕ್ ಸರಪಳಿ ನಡುವಿನ ಒಂದು ಜೋಡಿಬಂಧದಲ್ಲಿ ಬಾಗಿದೆ. ನೆಟ್ಟಗಿನವು ಒತ್ತಾಗಿ ಕೂರುತ್ತವೆ, ಬಾಗಿದವು ಕೂರುವುದಿಲ್ಲ. ಮುರುಗಲ ತುಪ್ಪದಲ್ಲಿ ನೆಟ್ಟಗಿನದರ ಪಾಲು ಹೆಚ್ಚು, ಹಾಗಾಗಿ ಅದು ಗಟ್ಟಿ, ಒಡೆದ ಹಿಮ್ಮಡಿಗೆ ಹಚ್ಚಿದರೆ ನಿಲ್ಲುತ್ತದೆ. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ನಿನ ಸರಪಳಿಯಲ್ಲೂ ಎರಡು ಜೋಡಿಬಂಧಗಳಿವೆ. ಅದರ ದ್ರಾವಣವನ್ನು ಬೆಳಕಿಗೆ ಇಟ್ಟರೆ ಆ ಬಂಧಗಳ ಸುತ್ತ ಅಣು ಮಗ್ಗುಲು ಬದಲಿಸಿ ಖಾರ ಕಡಿಮೆಯಾಗುತ್ತದೆ. ಒಂದೇ ಪರಮಾಣುಗಳು, ಒಂದೇ ಸಂಖ್ಯೆ, ನಾಲಿಗೆಗೆ ಮಾತ್ರ ಬೇರೆ.

ಪರೀಕ್ಷೆಗೆ ಹೇಗೆ ಓದುವುದು ಎಂದು ಆಯಿ ಕೇಳಿದ್ದಾಳೆ. ಕೋನಗಳ ಪಟ್ಟಿ ಉರು ಹೊಡೆಯುವ ಮೊದಲು ಹಾಳೆ ತೆಗೆದು ಚುಕ್ಕಿ ಇಡು. ಉಳಿದ ಜೋಡಿಗೆ ಬೇಕಾದರೆ ಕೆಂಪು ಪೆನ್ನು ಇಟ್ಟುಕೊ, ಕಣ್ಣು ತಪ್ಪುವುದಿಲ್ಲ. ನೋಟ್ಸಿನ ಉತ್ತರ ಆಮೇಲೆ ನೋಡು. ಅಂಕ ಬಂದರೆ ಸಂತೋಷ, ಈ ಪಾಠದಲ್ಲಿ ಎರಡು ಅಂಕ ಹೋದರೂ ಅಡ್ಡಿಲ್ಲೆ, ಎಂತಕ್ಕೆ ಎಂದು ಕೇಳುವುದು ಬಿಡಬೇಡ.

ನಿನಗೆರಡು ಕೆಲಸ ಕೊಡುತ್ತೇನೆ. ತೋಟಕ್ಕೆ ತರುವ ಅಮೋನಿಯಂ ಸಲ್ಫೇಟಿನ ಚೀಲ ನೋಡಿದ್ದೀಯಲ್ಲ. ಅಮೋನಿಯಾದ ಉಳಿದ ಜೋಡಿಗೆ ಒಂದು ಜಲಜನಕದ ಅಯಾನು, ತನ್ನ ಎಲೆಕ್ಟ್ರಾನು ಕಳೆದುಕೊಂಡು ಬರಿಗೈಯಲ್ಲಿ ಬಂದದ್ದು, ಆತುಕೊಂಡರೆ ಅಮೋನಿಯಂ ಆಗುತ್ತದೆ. ಚುಕ್ಕಿ ಎಷ್ಟಾಯಿತು, 107 ಇದ್ದ ಕೋನ ಎಷ್ಟಕ್ಕೆ ಹೋಯಿತು? ಎರಡನೆಯದು ಬೋರಾನ್ ಟ್ರೈಫ್ಲೋರೈಡ್. ಬೋರಾನಿಗೆ ಹೊರಗೆ ಮೂರೇ, ಎಂಟು ತುಂಬುವುದಿಲ್ಲ. ಅದರ ಆಕಾರ ಬರೆ, ಆಮೇಲೆ ಅದರ ಪಕ್ಕ ಅಮೋನಿಯಾವನ್ನು ತಂದು ನಿಲ್ಲಿಸಿ ಏನಾಗುತ್ತದೆ ಹೇಳು. ಫೋಟೊ ಯಲ್ಲಾಪುರಕ್ಕೆ ಕಳಿಸಿದರೆ ಸಾಕು, ಭಾನುವಾರ ನಿನ್ನ ಅಪ್ಪಯ್ಯ ಈ ಕಡೆ ಬರುವವನಿದ್ದಾನೆ, ಅವನ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿ ಕೊಟ್ಟು ಕಳಿಸುತ್ತೇವೆ. ಅಮ್ಮಮ್ಮ ನೆನಪು ಹೇಳಿದ್ದಾಳೆ.

ಇಂತಿ,
ನಿನ್ನ ಅಜ್ಜ